ತವರಿಗೆ ಹೋದ ಗರ್ಭಿಣಿಯ ಊಟ ಯಾರ ಲೆಕ್ಕದಲ್ಲಿ?

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಬಂತೆಂದರೆ ಪೋಷಣ್ ಮಾಸಾಚರಣೆಯ ಚಿತ್ರಗಳು ತಮ್ಮ ಪತ್ರಿಕೆಯ ಉಡುಪಿ ಮತ್ತು ಮಂಗಳೂರು ಪುಟಗಳಲ್ಲಿ ದಿನ ಬಿಟ್ಟು ದಿನ ಬರುತ್ತವೆ. ಮೇಜಿನ ಮೇಲೆ ಬಸಳೆ, ಹರಿವೆ, ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರುಕಾಳು. ಮೇಜಿನ ಹಿಂದೆ ಹಸಿರು ಬಳೆ ತೊಟ್ಟು, ಶಂಕರಪುರ ಮಲ್ಲಿಗೆ ಮುಡಿದು ಸಾಲಾಗಿ ಕುಳಿತ ಗರ್ಭಿಣಿಯರು. ಅವರ ಮಡಿಲು ತುಂಬುತ್ತಿರುವ ಪಂಚಾಯತ್ ಸದಸ್ಯೆಯರು. ಇಂತಹ ಚಿತ್ರಗಳ ಮೂಲೆಯಲ್ಲಿ ನಾನೂ ಹಲವು ವರ್ಷ ನಿಂತವಳು. ಉಡುಪಿ ಜಿಲ್ಲೆಯ ಒಂದು ವೃತ್ತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಳಾದವಳು. ಆ ಸಮಾರಂಭಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅಂಗನವಾಡಿಯಲ್ಲಿ ಸೀಮಂತ ಮಾಡಿಸಿಕೊಂಡ ಹೆಣ್ಣುಮಗಳು ಕೆಲವೇ ದಿನಗಳಲ್ಲಿ ತವರಿಗೆ ಹೊರಡುತ್ತಾಳೆ, ಹೊರಟ ದಿನದಿಂದ ನಮ್ಮ ಪೌಷ್ಟಿಕ ಆಹಾರ ಕಾರ್ಯಕ್ರಮದ ಕೈಯಿಂದ ಬಹುಮಟ್ಟಿಗೆ ಜಾರಿಹೋಗುತ್ತಾಳೆ ಎಂಬ ಸಂಗತಿ ಆ ಚಿತ್ರದಲ್ಲಿ ಕಾಣುವುದಿಲ್ಲ. ಇದನ್ನು ಬರೆಯಬೇಕೆಂದು ಸೇವೆಯಲ್ಲಿದ್ದಾಗಲೇ ಅನಿಸಿತ್ತು. ಆಗ ಕೈ ಕಟ್ಟಿತ್ತು, ಈಗ ಬರೆಯುತ್ತಿದ್ದೇನೆ.

ಕರಾವಳಿಯಲ್ಲಿ ಜಾತಿ, ಮತ ಯಾವುದೇ ಇರಲಿ, ಮೊದಲ ಹೆರಿಗೆ ತಾಯಿಮನೆಯಲ್ಲಿ ಎಂಬುದು ಸಾಮಾನ್ಯ ವಾಡಿಕೆ. ಏಳನೆಯ ತಿಂಗಳಲ್ಲಿ ಸೀಮಂತದ ಊಟ ಮುಗಿಸಿ ಹೊರಟವಳು ಮಗುವನ್ನು ತೊಟ್ಟಿಲಿಗೆ ಹಾಕಿ, ಬಾಣಂತನ ಮುಗಿಸಿ, ಮಗುವಿಗೆ ಮೂರು ತಿಂಗಳಾದ ಮೇಲೋ ಐದು ತಿಂಗಳಾದ ಮೇಲೋ ಗಂಡನ ಮನೆಗೆ ಮರಳುತ್ತಾಳೆ. ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಕಟ್ಟಿನ ಕಾನೂನು ಹೋಗಿ ಎಷ್ಟೋ ವರ್ಷಗಳಾದರೂ ಹೆಣ್ಣಿಗೆ ತಾಯಿಮನೆಯ ಮೇಲಿರುವ ಸಲಿಗೆ ಈ ನೆಲದಲ್ಲಿ ಕಡಿಮೆಯಾಗಿಲ್ಲ, ಅದು ಒಳ್ಳೆಯದೇ. ಸೊಸೆಗೆ ಸಿಗದ ವಿಶ್ರಾಂತಿ ಮಗಳಿಗೆ ಸಿಗುತ್ತದೆ. ತೊಂದರೆ ಇರುವುದು ವಾಡಿಕೆಯಲ್ಲಲ್ಲ, ಆ ವಾಡಿಕೆ ಇರುವುದೇ ಗೊತ್ತಿಲ್ಲದವರಂತೆ ನಾವು ಇಟ್ಟುಕೊಂಡಿರುವ ರಿಜಿಸ್ಟರಿನಲ್ಲಿ.

ಲೆಕ್ಕವನ್ನೇ ನೋಡೋಣ. ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಎಲ್ಲ ಜಿಲ್ಲೆಗಳಿಗೆ ವಿಸ್ತರಣೆಯಾದಾಗ, ಗರ್ಭಿಣಿಗೂ ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ತಿಂಗಳಿಗೆ 25 ದಿನ ಒಂದು ಹೊತ್ತಿನ ಪೂರ್ಣ ಊಟ ಎಂದು ಗೊತ್ತುಮಾಡಲಾಯಿತು: ಅನ್ನ, ತರಕಾರಿ ಅಥವಾ ಸೊಪ್ಪಿನ ಸಾಂಬಾರು, ಬೇಯಿಸಿದ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು, 200 ಮಿಲಿಲೀಟರ್ ಹಾಲು, ನೆಲಗಡಲೆ ಚಿಕ್ಕಿ. ಮೂರನೆಯ ತಿಂಗಳು ಮುಗಿಯುವಾಗ ಹೆಸರು ನೋಂದಾಯಿಸಿದ ಗರ್ಭಿಣಿಗೆ ಆರು ತಿಂಗಳು, ಹೆರಿಗೆಯ ನಂತರ ಆರು ತಿಂಗಳು, ಒಟ್ಟು 12 ತಿಂಗಳಿಗೆ ಸುಮಾರು 300 ಊಟ. ಕೊನೆಯ ಮೂರು ತಿಂಗಳು ಮತ್ತು ಹೆರಿಗೆಯ ನಂತರದ ಮೂರರಿಂದ ಐದು ತಿಂಗಳು ಆಕೆ ತವರಿನಲ್ಲಿದ್ದರೆ, ಆ 300ರಲ್ಲಿ 150ರಿಂದ 200 ಊಟಗಳು ಗಂಡನ ಮನೆಯ ಅಂಗನವಾಡಿಯಲ್ಲಿ ಆಕೆಯ ಹೆಸರಿಗೆ ಬರೆದಿಟ್ಟು ಆಕೆಗೆ ತಲುಪದವು. ಇಡೀ ಕಾರ್ಯಕ್ರಮದ ಅರ್ಧ ಅಥವಾ ಅದಕ್ಕಿಂತಲೂ ಹೆಚ್ಚು ಭಾಗ ಒಂದು ಬಸ್ಸಿನ ಪ್ರಯಾಣದಲ್ಲಿ ಕಳೆದುಹೋಗುತ್ತದೆ ಎಂದಂತಾಯಿತು.

ಕಳೆದುಹೋಗುವ ತಿಂಗಳುಗಳಾದರೂ ಯಾವುವು? 28ನೇ ವಾರದ ಹೊತ್ತಿಗೆ ಸುಮಾರು 1 ಕಿಲೋ ಇರುವ ಭ್ರೂಣ ಹೆರಿಗೆಯ ವೇಳೆಗೆ 3 ಕಿಲೋ ಆಗಬೇಕು. ಎಂದರೆ ಮಗುವಿನ ಜನನ ತೂಕದ ಮೂರರಲ್ಲಿ ಎರಡು ಪಾಲು ಸೇರುವುದು ತಾಯಿ ತವರಿನಲ್ಲಿರುವ ಆ ಮೂರು ತಿಂಗಳಲ್ಲಿ. 2.5 ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವುದೋ ಇಲ್ಲವೋ ಎಂಬುದರ ಹೆಚ್ಚಿನ ಭಾಗ ಅಲ್ಲಿಯೇ ತೀರ್ಮಾನವಾಗುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡುವುದು, ಆರು ತಿಂಗಳು ಎದೆಹಾಲಲ್ಲದೆ ನೀರನ್ನೂ ಕೊಡದಿರುವುದು, ಹೆರಿಗೆಯ ನಂತರವೂ ಆರು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗುವುದು, ಇವೆಲ್ಲವೂ ಇದೇ ಅವಧಿಗೆ ಸೇರಿದ ಮಾತುಗಳು. ಗರ್ಭ ನಿಂತಂದಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಕಾಲವನ್ನು ನಾವು ತರಬೇತಿಗಳಲ್ಲಿ 'ಮೊದಲ ಸಾವಿರ ದಿನಗಳು' ಎಂದು ಬಾಯಿಪಾಠ ಮಾಡಿಸುತ್ತೇವೆ. ಆ ಸಾವಿರದ ನಡುವಿನ ಸುಮಾರು ಇನ್ನೂರು ದಿನಗಳಿಗೆ ನಮ್ಮ ರಿಜಿಸ್ಟರಿನಲ್ಲಿ ಇರುವುದು ಒಂದೇ ಷರಾ: 'ತವರಿಗೆ ಹೋಗಿರುತ್ತಾರೆ.'

ಈ ಷರಾದ ಬೆಲೆ ನನಗೆ ಗೊತ್ತಾದದ್ದು ಒಂದು ನವೆಂಬರ್ ತಿಂಗಳಲ್ಲಿ. ಕೇಂದ್ರವೊಂದಕ್ಕೆ ಭೇಟಿ ಕೊಟ್ಟ ದಿನ ಐದು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ತಾಯಿಯೊಬ್ಬಳು ಬಂದಿದ್ದಳು. ಎರಡು ದಿನದ ಹಿಂದಷ್ಟೇ ಗಂಡನ ಮನೆಗೆ ಮರಳಿದವಳು. ಕಾರ್ಯಕರ್ತೆ ತಕ್ಕಡಿಯ ಮೇಲೆ ಬೈರಾಸು ಹಾಸಿ, ಸೊನ್ನೆಗೆ ತಂದು, ಮಗುವಿನ ಅಂಗಿ ಬಿಚ್ಚಿ, ಕಾಲಿನ ಬೆಳ್ಳಿ ಗೆಜ್ಜೆಯನ್ನೂ ತೆಗೆಸಿ, ಅಳುವ ಮಗು ಕಾಲು ಬಡಿಯುವುದನ್ನು ನಿಲ್ಲಿಸುವವರೆಗೆ ತಾಳ್ಮೆಯಿಂದ ಕಾದು ತೂಕ ನೋಡಿದಳು. 5.8 ಕಿಲೋ. ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆ ಹಸಿರು ಭಾಗದೊಳಗೇ ಬಿತ್ತು. 'ನಾರ್ಮಲ್ ಮೇಡಂ' ಎಂದು ಆಕೆ ಸಮಾಧಾನದಿಂದ ಪುಸ್ತಕ ಮುಚ್ಚಿದಳು. ಅದು ಆ ಮಗುವಿನ ಪಟ್ಟಿಯ ಮೊದಲ ಚುಕ್ಕೆ. ಅದಕ್ಕೆ ಹಿಂದೆ ಏನೂ ಇರಲಿಲ್ಲ. ಹುಟ್ಟಿದಾಗ ಎಷ್ಟಿತ್ತು ಎಂದು ಕೇಳಿದೆ. ತಾಯಿ ಕಾರ್ಡ್ ತವರಿನ ಕಪಾಟಿನಲ್ಲಿ ಉಳಿದಿತ್ತು. 'ಮೂರು ನಾನೂರು ಅಂತ ಹೇಳಿದ್ರು' ಎಂದಳು ತಾಯಿ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2.2 ಕಿಲೋ ಹುಟ್ಟಿದ ಹೆಣ್ಣುಮಗು ಐದು ತಿಂಗಳಿಗೆ 5.8 ಕಿಲೋ ಆಗಿದ್ದರೆ ಆ ಮನೆಯವರಿಗೆ ಕೈಮುಗಿಯಬೇಕು. 3.4 ಕಿಲೋ ಹುಟ್ಟಿದ ಮಗು ಐದು ತಿಂಗಳಿಗೆ 5.8 ಕಿಲೋ ಇದ್ದರೆ, ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಜನನ ತೂಕದ ಎರಡರಷ್ಟು ಆಗಬೇಕಾದದ್ದು ಒಂದು ಕಿಲೋ ಹಿಂದೆ ಬಿದ್ದಿದೆ ಎಂದು ಅರ್ಥ. ಎರಡೂ ಮಕ್ಕಳ ಚುಕ್ಕೆ ಬೀಳುವುದು ಅದೇ ಹಸಿರಿನಲ್ಲಿ. ಹಿಂದಿನ ತಿಂಗಳುಗಳ ಚುಕ್ಕೆಗಳಿದ್ದರೆ ಗೆರೆ ಕೆಳಗೆ ಬಾಗುತ್ತಿರುವುದು ಕಾಣುತ್ತಿತ್ತು. ಒಂದೇ ಚುಕ್ಕೆಯಿಂದ ಗೆರೆ ಎಳೆಯಲಾಗುವುದಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಎದೆಹಾಲು ಸಾಲದೆಂಬ ಅನುಮಾನದಿಂದ ಎರಡು ತಿಂಗಳಿನಿಂದಲೇ ದನದ ಹಾಲಿಗೆ ನೀರು ಬೆರೆಸಿ ಕುಡಿಸಿದ್ದರು, ನಡುವೆ ಎರಡು ಬಾರಿ ಭೇದಿಯಾಗಿತ್ತು, 42 ದಿನಗಳ ನಂತರ ಮಗುವನ್ನು ಯಾರೂ ತೂಗಿರಲಿಲ್ಲ. ತವರು ಇದ್ದದ್ದು ಹದಿನೈದು ಕಿಲೋಮೀಟರ್ ದೂರದಲ್ಲಿ. ಆ ಮನೆಯ ಅಂಗಳಕ್ಕೆ ಅಲ್ಲಿನ ಅಂಗನವಾಡಿಯ ಮಕ್ಕಳ ಹಾಡು ಕೇಳಿಸುತ್ತದೆ. ನಮ್ಮ ಕೇಂದ್ರದ ರಿಜಿಸ್ಟರನ್ನು ತಿರುವಿ ನೋಡಿದರೆ ಎಂಟು ತಿಂಗಳೂ 'ತವರಿಗೆ ಹೋಗಿರುತ್ತಾರೆ' ಎಂದಿತ್ತು. ಪ್ರತಿ ತಿಂಗಳ ಪುಟದ ಕೆಳಗೆ ತನಿಖೆ ಮಾಡಿದವರ ಸಹಿ ಇತ್ತು. ಸಹಿ ನನ್ನದೇ. ಆ ಮಗು ಮುಂದೆ ಸುಧಾರಿಸಿತು; ಅದರ ಶ್ರೇಯಸ್ಸು ಆ ತಾಯಿಯದು, ಕಾರ್ಯಕ್ರಮದ್ದಲ್ಲ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಬಾಣಂತಿ ಏನು ತಿನ್ನಬೇಕು, ಮಗುವಿಗೆ ಯಾವಾಗ ಏನು ಕೊಡಬೇಕು ಎಂಬುದನ್ನು ಆ ತಿಂಗಳುಗಳಲ್ಲಿ ನಿರ್ಧರಿಸುವವರು ಅತ್ತೆಯಲ್ಲ, ಗಂಡನಲ್ಲ, ಹಲವು ಬಾರಿ ತಾಯಿಯೂ ಅಲ್ಲ, ತವರಿನ ಅಜ್ಜಿ. ನಾವು ಗಂಡನ ಮನೆಯ ಊರಿನಲ್ಲಿ ಅತ್ತೆಯಂದಿರನ್ನು ಕೂರಿಸಿಕೊಂಡು ಮಾಡಿದ ಭಾಷಣವೆಲ್ಲ ಈ ಕಾರಣದಿಂದಲೇ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಅಜ್ಜಿಯರ ತಿಳಿವಳಿಕೆ ಎಲ್ಲವೂ ತಪ್ಪೆಂದು ನಾನು ಹೇಳುವುದಿಲ್ಲ. ಮೆಂತೆ ಗಂಜಿಯನ್ನೂ ಬೆಲ್ಲ, ತೆಂಗಿನಹಾಲು ಹಾಕಿದ ಹೆಸರುಕಾಳಿನ ಗಂಜಿಯನ್ನೂ ಯಾವ ಪೋಷಣ ತಜ್ಞರೂ ಬೇಡವೆನ್ನಲಾರರು. ಆದರೆ ಸೊಪ್ಪು ತಿಂದರೆ ಮಗುವಿಗೆ ಶೀತ, ಮೊಟ್ಟೆ ನಂಜು, ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ ಎಂಬ ಪಥ್ಯವೂ ಅದರ ಜೊತೆಗೇ ಬರುತ್ತದೆ. ರಾಗಿ ಮಣ್ಣಿಯ ವಿಷಯವನ್ನೇ ತೆಗೆದುಕೊಳ್ಳಿ. ನೆನೆಹಾಕಿದ ರಾಗಿಯನ್ನು ಅರೆದು, ಬಿಳಿ ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ಹಾಲನ್ನು ಮಾತ್ರ ತೆಗೆದು ಸಣ್ಣ ಉರಿಯಲ್ಲಿ ಕಾಯಿಸುವ ಆ ಕೆಲಸದಲ್ಲಿ ಎಷ್ಟು ಪ್ರೀತಿ ಇದೆ ಎಂಬುದನ್ನು ಅಡುಗೆಮನೆಯಲ್ಲಿ ನಿಂತು ನೋಡಿದವರು ಬಲ್ಲರು. ಅದನ್ನು ನಾಲ್ಕನೇ ತಿಂಗಳಿಗೆ ಶುರುಮಾಡುವುದು ಬೇಗವಾಯಿತು. ಆರು ತಿಂಗಳಾದ ಮೇಲೂ ಹಾಲಿನಂತೆ ತೆಳ್ಳಗೆ ಮಾಡಿ ಕುಡಿಸುವುದು ಸಾಲದಾಯಿತು. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿಯಾಗಿರಲಿ, ಒಂದು ಚಮಚ ತುಪ್ಪವೋ ತೆಂಗಿನೆಣ್ಣೆಯೋ ಸೇರಲಿ ಎಂಬ ಸಣ್ಣ ತಿದ್ದುಪಡಿಯನ್ನು ಆ ಅಜ್ಜಿಗೆ ಹೇಳಬಲ್ಲವರು ಯಾರು? ಆ ಮನೆಯ ಹುಡುಗಿಯನ್ನು ಚಿಕ್ಕಂದಿನಿಂದ ನೋಡಿದ, ಅಜ್ಜಿಯನ್ನು 'ದೊಡ್ಡಮ್ಮ' ಎಂದು ಕರೆಯುವ ಆ ಊರಿನ ಅಂಗನವಾಡಿ ಕಾರ್ಯಕರ್ತೆ ಮಾತ್ರ. ಆಕೆಗೆ ಈ ಬಾಣಂತಿ ತನ್ನ ಲೆಕ್ಕದವಳೇ ಅಲ್ಲ.

ಕಾರ್ಯಕರ್ತೆಯರನ್ನು ದೂರುವ ಮೊದಲು ಅವರ ಕಷ್ಟವನ್ನೂ ಹೇಳಬೇಕು. ಅಂಗನವಾಡಿಗೆ ಅಕ್ಕಿ, ಬೇಳೆ, ಹಾಲಿನ ಪುಡಿ ಬರುವುದು ಅಲ್ಲಿ ದಾಖಲಾದ ಫಲಾನುಭವಿಗಳ ಸಂಖ್ಯೆಯ ಮೇಲೆ ಹಾಕಿದ ಇಂಡೆಂಟಿನ, ಎಂದರೆ ಬೇಡಿಕೆ ಪಟ್ಟಿಯ ಪ್ರಕಾರ. ತಿಂಗಳ ನಡುವೆ ತವರಿಗೆ ಬಂದ ಮೂವರು ಹೆಣ್ಣುಮಕ್ಕಳಿಗೆ ಊಟ ಹಾಕಿದರೆ ತಿಂಗಳ ಕೊನೆಗೆ ದಾಸ್ತಾನು ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದದ್ದಕ್ಕೆ ಉತ್ತರ ಕೊಡಬೇಕಾದವಳು ಅವಳೇ. ಮೊಟ್ಟೆಯ ಕಥೆ ಇನ್ನೂ ಬೇರೆ. ಅಂಗನವಾಡಿಯ ಬಾಲವಿಕಾಸ ಸಮಿತಿಯ ಖಾತೆಗೆ ಹಣ ಬರುವವರೆಗೆ ಅಂಗಡಿಯಲ್ಲಿ ಸಾಲ ಹೇಳಿ ತರುವವಳೂ, ಸರಕಾರದ ದರಕ್ಕೂ ಅಂಗಡಿಯ ದರಕ್ಕೂ ಇರುವ ಅಂತರವನ್ನು ತುಂಬಿಸುವವಳೂ ಗೌರವಧನದ ಮೇಲೆ ದುಡಿಯುವ ಹೆಣ್ಣುಮಗಳು. ಮೂವರಿಗೆ ತಿಂಗಳಿಗೆ 75 ಮೊಟ್ಟೆ ಹೆಚ್ಚಾಗುತ್ತದೆ ಎಂದರೆ ಆಕೆ ಹಿಂಜರಿಯುವುದರಲ್ಲಿ ಆಶ್ಚರ್ಯವೇನಿದೆ? ಒಬ್ಬಳ ಹೆಸರಿನಲ್ಲಿ ಎರಡು ಕಡೆ ಊಟ ಬರೆದಿದ್ದಾರೆ ಎಂಬ ಲೆಕ್ಕಪರಿಶೋಧನೆಯ ಆಕ್ಷೇಪದ ಭಯವೂ ಇದೆ. ಈ ಭಯ ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಇದ್ದುದರಿಂದ, ಎರಡು ಕಡೆ ಬರೆಯುವ ಅಪಾಯಕ್ಕಿಂತ ಎಲ್ಲಿಯೂ ಕೊಡದಿರುವುದೇ ಕ್ಷೇಮ ಎಂಬ ತೀರ್ಮಾನಕ್ಕೆ ಇಲಾಖೆ ಯಾವ ಆದೇಶವೂ ಇಲ್ಲದೆ ಬಂದುಬಿಟ್ಟಿದೆ.

2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದಿದೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸುವ ಅವಕಾಶ ಅದರಲ್ಲಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಎರಡು ತುದಿಯಲ್ಲೂ ಯಾರಾದರೂ ನೆನಪಿಟ್ಟು ಒತ್ತಿದರೆ ಮಾತ್ರ ಅದು ನಡೆಯುತ್ತದೆ. ಹೆಸರು ಕಳುಹಿಸಿದರೆ ತನ್ನ ಕೇಂದ್ರದ ಸಂಖ್ಯೆ ಇಳಿಯುತ್ತದೆಂಬ ಅಂಜಿಕೆ ಒಬ್ಬಳಿಗೆ, ತೆಗೆದುಕೊಂಡರೆ ದಾಸ್ತಾನು ಸಾಲದೆಂಬ ಅಂಜಿಕೆ ಇನ್ನೊಬ್ಬಳಿಗೆ. ಮನೆಗೆ ಕೊಡುವ ಪಡಿತರಕ್ಕೆ ಈಗ ಮುಖ ಗುರುತಿನ ಪರಿಶೀಲನೆಯೂ ಸೇರಿದೆ. ಅದಕ್ಕೆ ಬೇಕಾದ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಫೋನಿಗೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಫೋನ್ ಇರುವುದು ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಗಂಡನ ಕಿಸೆಯಲ್ಲಿ, ಇಲ್ಲವೇ ದುಬೈಯಲ್ಲಿ. ಅಂಗನವಾಡಿಯ ಮೆಟ್ಟಿಲ ಮೇಲೆ ನಿಂತು ಆರು ಅಂಕಿಗಳಿಗಾಗಿ ಗಂಡನಿಗೆ ಮತ್ತೆ ಮತ್ತೆ ಕರೆ ಮಾಡುವ ಎಂಟು ತಿಂಗಳ ಗರ್ಭಿಣಿಯನ್ನು ಕಂಡವರು ತಂತ್ರಜ್ಞಾನದ ವಿಷಯದಲ್ಲಿ ಸ್ವಲ್ಪ ಮೆಲ್ಲಗೆ ಮಾತನಾಡುತ್ತಾರೆ.

ಕಾನೂನು ಅಡ್ಡ ಬರುತ್ತದೆಯೇ ಎಂದರೆ ಅದೂ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್, ಗರ್ಭಾವಸ್ಥೆಯಲ್ಲೂ ಹೆರಿಗೆಯ ನಂತರದ ಆರು ತಿಂಗಳೂ ಉಚಿತ ಊಟವನ್ನು ಸ್ಥಳೀಯ ಅಂಗನವಾಡಿಯ ಮೂಲಕ ಕೊಡಬೇಕೆನ್ನುತ್ತದೆ. ಗಂಡನ ಮನೆಯ ಅಂಗನವಾಡಿ ಎಂದು ಎಲ್ಲಿಯೂ ಹೇಳಿಲ್ಲ. ಪಡಿತರ ಚೀಟಿ ಹಿಡಿದು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಅಕ್ಕಿ ತರಬಹುದೆಂಬ ವ್ಯವಸ್ಥೆಯನ್ನು ಮಾಡಿಕೊಂಡ ಸರಕಾರಕ್ಕೆ, ಹೆಬ್ರಿಯ ಸೊಸೆ ಕಾಪುವಿನ ಮಗಳಾಗಿರುವ ಎಂಟು ತಿಂಗಳು ಒಂದು ಮೊಟ್ಟೆಯನ್ನು ಆಕೆಯ ಹಿಂದೆ ಕಳುಹಿಸುವುದು ಅಸಾಧ್ಯವಾಗಬಾರದು.

ವಿಚಿತ್ರವೆಂದರೆ ಆಕೆ ತವರಿಗೆ ಬಂದದ್ದು ಸರಕಾರಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. ಆರೋಗ್ಯ ಇಲಾಖೆಗೆ ಗೊತ್ತಿರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬಾಣಂತಿಯನ್ನೂ ಮಗುವನ್ನೂ ನೋಡಬೇಕು. ಆಕೆ ಹೋಗುವುದು ತವರು ಮನೆಗೆ. ಅದೇ ಊರಿನಲ್ಲಿ, ಎಷ್ಟೋ ಬಾರಿ ಅದೇ ಓಣಿಯಲ್ಲಿ ಮನೆಯಿರುವ ಅಂಗನವಾಡಿ ಕಾರ್ಯಕರ್ತೆಗೆ ಆ ಹೆಸರು ತನ್ನ ಪಟ್ಟಿಯಲ್ಲಿ ಇಲ್ಲದ ಕಾರಣ ಅದು ತನ್ನ ಕೆಲಸವೆಂದು ಅನಿಸುವುದಿಲ್ಲ. ಇಬ್ಬರ ಇಲಾಖೆ ಬೇರೆ, ಪೋರ್ಟಲ್ ಬೇರೆ, ವರದಿಯ ನಮೂನೆ ಬೇರೆ. ಪ್ರತಿ ತಿಂಗಳು ನಡೆಯಬೇಕಾದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ದಿನದಂದು ಇಬ್ಬರೂ ಒಂದೇ ಕೋಣೆಯಲ್ಲಿರುತ್ತಾರೆ: ಒಬ್ಬಳು ಲಸಿಕೆಯ ಪಟ್ಟಿ ಓದುತ್ತಾಳೆ, ಇನ್ನೊಬ್ಬಳು ತೂಕದ ಪಟ್ಟಿ ಬರೆಯುತ್ತಾಳೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಇಬ್ಬರಿಗೂ ಯಾರೂ ಹೇಳಿಲ್ಲ. ಸಮನ್ವಯ ಎಂಬ ಪದ ನಮ್ಮ ಸುತ್ತೋಲೆಗಳಲ್ಲಿ ಉಪ್ಪಿನಂತೆ ಎಲ್ಲ ಕಡೆ ಉದುರಿರುತ್ತದೆ. ನನ್ನ ಅನುಭವದಲ್ಲಿ ಅದರ ಅರ್ಥ ಇಷ್ಟೇ, ಎರಡು ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿಡುವುದು.

ಆ ನವೆಂಬರಿನ ನಂತರ ನನ್ನ ವೃತ್ತದಲ್ಲಿ ಮಾಡಿದ್ದನ್ನು ಸಂಕೋಚದಿಂದಲೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ದೊಡ್ಡದೇನೂ ಇಲ್ಲ. ಇನ್ನೂರು ಪುಟದ ಒಂದು ಗೆರೆ ಪುಸ್ತಕ. ಸೀಮಂತದ ದಿನ ಗೊತ್ತಾದ ಕೂಡಲೇ ಕಾರ್ಯಕರ್ತೆ ಗರ್ಭಿಣಿಯನ್ನು ಕೇಳಿ ತವರಿನ ಊರು, ಮನೆ, ತಾಯಿಯ ಫೋನ್ ಸಂಖ್ಯೆ, ಹೊರಡುವ ದಿನ ಬರೆಯಬೇಕು. ಆ ಊರಿನ ಮೇಲ್ವಿಚಾರಕಿಗೆ ನಾನು ಕರೆ ಮಾಡಬೇಕು. ಅಲ್ಲಿನ ಕಾರ್ಯಕರ್ತೆ ಮನೆಗೆ ಹೋಗಿ ನೋಡಿ 'ತಲುಪಿದ್ದಾರೆ' ಎಂದು ತಿಳಿಸುವವರೆಗೆ ಆ ಸಾಲನ್ನು ಮುಚ್ಚುವಂತಿಲ್ಲ. ಹುಟ್ಟಿದ ಮಗುವಿನ ತೂಕ ಫೋನಿನಲ್ಲಿ ಬಂದರೆ ಕೊನೆಯ ಅಂಕಣ ತುಂಬಿತು. ಮೊದಲ ಮೂರು ತಿಂಗಳು ಫಜೀತಿಯೋ ಫಜೀತಿ. ನಮ್ಮ ಕಡೆ ವಿಳಾಸ ಕೇಳಿದರೆ ಮನೆಯ ಹೆಸರು ಹೇಳುತ್ತಾರೆ. 'ಬೈಲುಮನೆ', 'ಗುಡ್ಡೆಮನೆ' ಎಂದರೆ ಒಂದೊಂದು ಗ್ರಾಮದಲ್ಲಿ ಐದೈದು. ಅತ್ತೆಗೆ ಫೋನ್ ಮಾಡಿದರೆ ತುಳುವಿನಲ್ಲಿ 'ಅಪ್ಪೆ ಇಲ್ಲಡ್' (ತಾಯಿಮನೆಯಲ್ಲಿ) ಎಂದು ಕರೆ ಮುಗಿಸುತ್ತಿದ್ದರು. ತಾಯಿಮನೆ ಎಂದರೆ ಸಾಕಲ್ಲ, ಇನ್ನೇನು ವಿಳಾಸ ಎಂಬ ಧಾಟಿ. ಕೆಲವು ಸಹೋದ್ಯೋಗಿಗಳು ಸಹಕರಿಸಿದರು, ಕೆಲವರು 'ಬರವಣಿಗೆಯಲ್ಲಿ ಕೊಡಿ' ಎಂದರು. ಆದರೂ ವರ್ಷ ಕಳೆಯುವುದರೊಳಗೆ ಮುಚ್ಚಿದ ಸಾಲುಗಳು ತೆರೆದ ಸಾಲುಗಳಿಗಿಂತ ಹೆಚ್ಚಾಗಿದ್ದವು. ಹಿಂದಿರುಗಿ ಬಂದ ಮಕ್ಕಳ ಪಟ್ಟಿಯಲ್ಲಿ ಮೊದಲ ಚುಕ್ಕೆ ಹುಟ್ಟಿದ ದಿನದ್ದೇ ಆಗಿರತೊಡಗಿತು. ಖರ್ಚು, ಪುಸ್ತಕದ ಬೆಲೆ ಮತ್ತು ನನ್ನ ಫೋನಿನ ಕರೆನ್ಸಿ.

ಕೇಂದ್ರಕ್ಕೆ ಬಂದು ಉಣ್ಣಬೇಕೇ, ಮನೆಗೇ ಕೊಡಬೇಕೇ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಗುಡ್ಡ ಇಳಿದು, ತೋಡು ದಾಟಿ, ಜುಲೈ ಮಳೆಯಲ್ಲಿ ತುಂಬು ಗರ್ಭಿಣಿ ಒಂದು ಊಟಕ್ಕಾಗಿ ಬರಬೇಕೆನ್ನುವುದು ಬಯಲುಸೀಮೆಯ ಊರುಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಯೋಚನೆ. ಮನೆಗೆ ಕೊಟ್ಟ ಮೊಟ್ಟೆ ದೊಡ್ಡ ಮಗುವಿನ ತಟ್ಟೆಗೆ ಹೋಗುತ್ತದೆ ಎಂಬುದೂ ಕೊರೋನಾ ಕಾಲದಲ್ಲಿ ನಾವೆಲ್ಲ ಕಂಡ ಸತ್ಯ. ಎರಡರಲ್ಲಿ ಯಾವುದನ್ನು ಆರಿಸಿದರೂ ಹೆಸರು ಒಂದೂರಿನಲ್ಲಿ, ಹೆಣ್ಣು ಇನ್ನೊಂದೂರಿನಲ್ಲಿ ಇರುವವರೆಗೆ ಊಟ ತಲುಪುವುದಿಲ್ಲ.

ನಮ್ಮದು ಮುಂದುವರಿದ ಜಿಲ್ಲೆ, ಇಲ್ಲಿ ಅಪೌಷ್ಟಿಕತೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಸಭೆಗಳಲ್ಲಿ ರಾಯಚೂರು, ಯಾದಗಿರಿಗಳ ಹೆಸರು ಹೇಳಿ ನಾವು ನಿಟ್ಟುಸಿರು ಬಿಡುವುದು ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಗರ್ಭಿಣಿಯರಲ್ಲಿ ಶೇ. 45.7ರಷ್ಟು ರಕ್ತಹೀನತೆ ಇರುವವರು. ಇದು ಇಡೀ ರಾಜ್ಯದ ಮಾತು, ನಿಜ. ಆದರೆ ಬೀಡಿ ಕಟ್ಟುವ ಸೂಪಿನ (ಮೊರದ) ಮುಂದೆ ದಿನವಿಡೀ ಕುಳಿತಿರುವ, ಗೇರುಬೀಜದ ಕಾರ್ಖಾನೆಯಿಂದ ಸಂಜೆ ಮರಳುವ, ಮಲ್ಪೆಯ ಧಕ್ಕೆಯಲ್ಲಿ ಬೆಳಗಿನ ಜಾವದಿಂದ ಮೀನು ಆಯುವ ಹೆಣ್ಣುಮಕ್ಕಳ ಕಣ್ಣರೆಪ್ಪೆಯನ್ನು ಕೆಳಗೆಳೆದು ಅದರ ಬಿಳುಪನ್ನು ನೋಡಿದವರಿಗೆ ಜಿಲ್ಲೆಯ ಸರಾಸರಿ ಸಮಾಧಾನ ಕೊಡುವುದಿಲ್ಲ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇರುವ ಗರ್ಭಿಣಿ ತವರಿಗೆ ಹೊರಡುವಾಗ ಆ ಅಂಕಿಯೂ ಅವಳ ಜೊತೆ ಹೋಗಬೇಕು.

ಗಡಿಗಳ ವಿಷಯವೂ ಇದೆ. ಉಡುಪಿ 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆ ಜಿಲ್ಲೆಯಾಯಿತು. ಮದುವೆ ಸಂಬಂಧಗಳು ಆ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಪಡುಬಿದ್ರಿಯವಳಿಗೆ ಮೂಲ್ಕಿ ನೆರೆಯೂರು, ಇಲಾಖೆಗೆ ಅದು ಬೇರೆ ಜಿಲ್ಲೆ. ಮಂಗಳೂರಿನ ಸೊಸೆಯ ತವರು ಮಂಜೇಶ್ವರದಲ್ಲಿದ್ದರೆ ಬೇರೆ ರಾಜ್ಯವೇ. ನಮ್ಮಲ್ಲಿ ಪೂರಕ ಆಹಾರದ 'ಪುಷ್ಟಿ' ಪೊಟ್ಟಣ ಸಿಗುವ ವಯಸ್ಸಿನ ಮಗುವಿಗೆ ಅಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸಿದ 'ಅಮೃತಂ' ಪುಡಿ ಕೊಡುತ್ತಾರೆ. ಇನ್ನು ಕೊಪ್ಪಳ, ಗದಗ, ಬಾಗಲಕೋಟೆಗಳಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲಿಯೇ ಗುಡಿಸಲು ಹಾಕಿಕೊಂಡವರು ಹಬ್ಬಕ್ಕೆ, ಜಾತ್ರೆಗೆ, ಹೆರಿಗೆಗೆ ಊರಿಗೆ ಹೋಗಿ ಬರುತ್ತಲೇ ಇರುತ್ತಾರೆ. ಅವರ ರಿಜಿಸ್ಟರಿನ ಷರಾ 'ಊರಿಗೆ ಹೋಗಿರುತ್ತಾರೆ'. ಅವರ ಸಮಸ್ಯೆ ಪ್ರತ್ಯೇಕವಾಗಿ ಬರೆಯಬೇಕಾದಷ್ಟು ದೊಡ್ಡದು. ಹೆಸರು ಜನರ ಹಿಂದೆ ಹೋಗುವ ವ್ಯವಸ್ಥೆ ಆದರೆ ಅವರಿಗೂ ಅದರ ಪ್ರಯೋಜನ ಸಿಕ್ಕೀತು ಎಂದಷ್ಟೇ ಇಲ್ಲಿ ಹೇಳುತ್ತೇನೆ.

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಲ್ಲಿ ನನ್ನ ವಿನಂತಿ ಇದು. ಎರಡೂ ಜಿಲ್ಲೆಗಳ ಮೇಲ್ವಿಚಾರಕಿಯರ ಹೆಸರು, ವೃತ್ತ ಮತ್ತು ಕಚೇರಿ ಫೋನ್ ಸಂಖ್ಯೆಯ ಪಟ್ಟಿಯೊಂದು ಪ್ರತಿ ಮೇಲ್ವಿಚಾರಕಿಯ ಕೈಯಲ್ಲಿರಲಿ. ಗರ್ಭಿಣಿ ಹೊರಟಾಗ ಹೊಣೆ ಕಳುಹಿಸುವ ಕೇಂದ್ರದ ಮೇಲಿರಲಿ, ಆ ಕಡೆಯಿಂದ 'ತಲುಪಿದ್ದಾರೆ' ಎಂಬ ಮಾತು ಬರುವವರೆಗೆ ಇರಲಿ. 'ತವರಿಗೆ ಹೋಗಿರುತ್ತಾರೆ' ಎಂಬ ಷರಾದ ಎದುರು ತವರಿನ ಅಂಗನವಾಡಿಯ ಹೆಸರಿಲ್ಲದಿದ್ದರೆ ಮೇಲ್ವಿಚಾರಕಿ ಆ ಪುಟಕ್ಕೆ ಸಹಿ ಹಾಕದಿರಲಿ; ನಾನು ಹಾಕಿದ್ದರಿಂದಲೇ ಈ ಮಾತು ಹೇಳುತ್ತಿದ್ದೇನೆ. ತವರಿಗೆ ಬರುವವರಿಗಾಗಿ ಪ್ರತಿ ಕೇಂದ್ರದ ಇಂಡೆಂಟಿನಲ್ಲಿ ಎರಡೋ ಮೂರೋ ಹೆಸರಿನ ದಾಸ್ತಾನು ಹೆಚ್ಚುವರಿಯಾಗಿ ಸೇರಲಿ, ಅದರ ಮೊಟ್ಟೆಯ ಹಣ ಮುಂಗಡವಾಗಿ ಬರಲಿ. ಎರಡು ಕಡೆ ಊಟ ಬರೆಯಬಹುದೆಂಬ ಅನುಮಾನಕ್ಕೆ ತಾಯಿ ಕಾರ್ಡಿನ ಮೇಲೆ ವರ್ಗಾವಣೆಯ ದಿನಾಂಕ, ಇಬ್ಬರು ಕಾರ್ಯಕರ್ತೆಯರ ಸಹಿ ಇದ್ದರೆ ಸಾಕು.

ಆರೋಗ್ಯ ಇಲಾಖೆಯಲ್ಲಿ ಕೇಳುವುದು ಇನ್ನೂ ಸಣ್ಣದು. ಮಂಗಳೂರಿನ ಲೇಡಿಗೋಷನ್‌ನಂತಹ ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲೂ, ಸಾಧ್ಯವಾದರೆ ಖಾಸಗಿ ಆಸ್ಪತ್ರೆಗಳಲ್ಲೂ ಬಿಡುಗಡೆಯ ಚೀಟಿ ಬರೆಯುವಾಗ 'ಇಲ್ಲಿಂದ ಯಾವ ಊರಿನ ಮನೆಗೆ' ಎಂಬ ಒಂದು ಸಾಲು ಸೇರಲಿ. ಪೌಷ್ಟಿಕತಾ ದಿನದಂದು ಮೊದಲು ಓದುವುದು ಆ ತಿಂಗಳು ಊರಿಗೆ ಬಂದವರ ಮತ್ತು ಊರಿನಿಂದ ಹೋದವರ ಹೆಸರು ಆಗಿರಲಿ. ಆಶಾ, ಸಿಸ್ಟರ್, ಅಂಗನವಾಡಿ ಕಾರ್ಯಕರ್ತೆ ಮೂವರೂ ತಮ್ಮ ತಮ್ಮ ಪಟ್ಟಿ ತೆರೆದಿಟ್ಟುಕೊಂಡು ಓದಲಿ. ಹತ್ತು ನಿಮಿಷದ ಕೆಲಸ.

ಕೊನೆಯದಾಗಿ, ಮಗಳನ್ನು ಬಾಣಂತನಕ್ಕೆ ಕರೆತರುವ ತಾಯಂದಿರಿಗೆ ಒಂದು ಮಾತು. ಬರುವಾಗ ಸೀರೆ, ಬಳೆಗಳ ಜೊತೆಗೆ ತಾಯಿ ಕಾರ್ಡನ್ನೂ ಮರೆಯದೆ ತನ್ನಿ. ಮರುದಿನವೇ ನಿಮ್ಮ ಊರಿನ ಅಂಗನವಾಡಿಗೆ ಹೋಗಿ ಮಗಳು ಬಂದಿದ್ದಾಳೆ ಎಂದು ಹೇಳಿ. ಇಲ್ಲಿ ಹೆಸರಿಲ್ಲ ಎಂದು ಯಾರಾದರೂ ಅಂದರೆ, ಬರೆದುಕೊಳ್ಳಿ ಎಂದು ಕೇಳುವ ಹಕ್ಕು ನಿಮಗಿದೆ. ಮಗಳು ಮೊಮ್ಮಗುವಿನೊಂದಿಗೆ ಹೊರಡುವ ದಿನ ಆ ಕಾರ್ಡನ್ನು ಕಪಾಟಿನಿಂದ ತೆಗೆದು ಅವಳ ಚೀಲದಲ್ಲಿಡಿ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಉಡುಪಿ